ಐದೂವರೆ ಗಂಟೆಯ ವ್ಯತ್ಯಾಸ: ದಾವಣಗೆರೆಯ ಬ್ರೌಸಿಂಗ್ ಸೆಂಟರ್‌ಗೆ ಬಂದ ಒಂದು ನೋಟಿಸ್

ಪೊಲೀಸರ ನೋಟಿಸ್ ಒಂದೇ ಪುಟದ್ದು. ಜೊತೆಗೆ ಪಿನ್ ಹೊಡೆದ ಒಂದು ಪ್ರಿಂಟ್‌ಔಟ್. ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಲಂ 94ರ ಅಡಿ ಈ ಕೆಳಕಂಡ ಮಾಹಿತಿ ಹಾಗೂ ವಸ್ತುಗಳನ್ನು ಮೂರು ದಿನದೊಳಗೆ ಹಾಜರುಪಡಿಸತಕ್ಕದ್ದು ಅಂತ ಶುರು. ಆಮೇಲೆ ಒಂದು ಐಪಿ ವಿಳಾಸ (ಇಂಟರ್‌ನೆಟ್ ಕನೆಕ್ಷನ್ ಗುರುತಿಸುವ ನಂಬರ್), ಎರಡು ತಿಂಗಳ ಹಿಂದಿನ ಒಂದು ತಾರೀಖು, ಮತ್ತು ‘ಸಮಯ 14:52:10’. ಆ ಹೊತ್ತಿಗೆ ನಿಮ್ಮಲ್ಲಿ ಇಂಟರ್‌ನೆಟ್ ಬಳಸಿದವರ ಹೆಸರು, ವಿಳಾಸ, ಗುರುತಿನ ಚೀಟಿಯ ನಕಲು, ರಿಜಿಸ್ಟರ್, ಸಿಸಿಟಿವಿ ದೃಶ್ಯ, ಎಲ್ಲಾ ಕಂಪ್ಯೂಟರ್‌ಗಳ ಹಾರ್ಡ್ ಡಿಸ್ಕ್ ಬೇಕು ಅಂತ ಕೇಳಿದ್ದರು.

ಅದು ಬಂದದ್ದು ದಾವಣಗೆರೆಯ ವಿದ್ಯಾನಗರದ ಕಡೆಯ ಒಂದು ಬ್ರೌಸಿಂಗ್ ಸೆಂಟರ್‌ಗೆ. ಹೆಸರಿಗೆ ಬ್ರೌಸಿಂಗ್ ಸೆಂಟರ್, ಜಾಸ್ತಿ ನಡೆಯುವುದು ಜೆರಾಕ್ಸ್, ಲ್ಯಾಮಿನೇಷನ್, ಆನ್‌ಲೈನ್ ಅರ್ಜಿ. ಕಾಲೇಜು ಹುಡುಗರು ಸ್ಕಾಲರ್‌ಶಿಪ್ ಅರ್ಜಿ ಹಾಕಲು ಬರುತ್ತಾರೆ. ಹಳ್ಳಿಯಿಂದ ಬಂದವರು ಜಾತಿ-ಆದಾಯ ಪ್ರಮಾಣಪತ್ರದ ಪ್ರಿಂಟ್ ತೆಗೆಸುತ್ತಾರೆ. ಅಂಗಡಿಯವರಿಗೆ ಐವತ್ತು ದಾಟಿದೆ. ಅವರ ಸಿಸ್ಟಮ್, ನೆಟ್‌ವರ್ಕ್ ನೋಡಿಕೊಳ್ಳುವವನು ನಾನು, ಅದಕ್ಕೇ ಮೊದಲ ಫೋನ್ ನನಗೆ ಬಂತು. ಅವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಯಾರ ಗುರುತೂ ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಸರ್ಕಾರದ ಕಣ್ಗಾವಲು ಅಂದ ತಕ್ಷಣ ನಮ್ಮ ತಲೆಗೆ ಬರುವುದು ಫೋನ್ ಕದ್ದಾಲಿಕೆ, ಪೆಗಾಸಸ್ ಎಂಬ ಬೇಹುಗಾರಿಕೆ ಸಾಫ್ಟ್‌ವೇರ್, ದೆಹಲಿಯ ಯಾವುದೋ ಕೋಣೆ. ದಾವಣಗೆರೆಯಂಥ ಊರಿನಲ್ಲಿ ಅದು ಬರುವ ದಾರಿ ಬೇರೆ. ಯಾರೂ ಏನನ್ನೂ ಕದ್ದು ಕೇಳುವುದಿಲ್ಲ. ನಿಮ್ಮ ಬಗ್ಗೆ ಹತ್ತು ಕಡೆ ಬರೆದಿಟ್ಟ ಹಳೇ ಲೆಕ್ಕವನ್ನು ಒಬ್ಬರು ಕೇಳುತ್ತಾರೆ, ಇನ್ನೊಬ್ಬರು ಕೊಡುತ್ತಾರೆ. ಕೊಡುವವರಿಗೂ ಕೇಳುವವರಿಗೂ ಆ ಲೆಕ್ಕ ಓದಲು ಸರಿಯಾಗಿ ಬರದಿದ್ದರೆ ಏನಾಗುತ್ತದೆ ಅನ್ನುವುದೇ ಈ ಪ್ರಕರಣ.

ದೂರು ಸುಳ್ಳಲ್ಲ

ಮೊದಲು ಇದನ್ನು ಹೇಳಿಬಿಡಬೇಕು. ದೂರು ಕೊಟ್ಟದ್ದು ಒಬ್ಬ ವಿದ್ಯಾರ್ಥಿನಿಯ ಮನೆಯವರು. ಅವಳ ಫೋಟೊ, ಅವಳ ಹೆಸರು ಹಾಕಿ ಯಾರೋ ನಕಲಿ ಖಾತೆ ತೆರೆದು, ಅವಳ ಕ್ಲಾಸಿನವರಿಗೆಲ್ಲ ಅಸಹ್ಯ ಮೆಸೇಜ್ ಕಳಿಸಿದ್ದರು. ಆ ಹುಡುಗಿ ಕಾಲೇಜಿಗೆ ಹೋಗುವುದನ್ನೇ ಬಿಟ್ಟಿದ್ದಳಂತೆ. ಬೇರೆಯವರ ಗುರುತನ್ನು ಹೀಗೆ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಂ ಪ್ರಕಾರ ಅಪರಾಧ, 3 ವರ್ಷದವರೆಗೆ ಜೈಲು. ಪೊಲೀಸರು ಹುಡುಕಲೇಬೇಕು. ಹುಡುಕಬೇಕಾದರೆ ದಾಖಲೆ ಬೇಕೇ ಬೇಕು. ಖಾಸಗಿತನದ ಪರ ಮಾತಾಡುವ ಕೆಲವರು ಪೊಲೀಸರು ಕೇಳಿದ್ದೇ ತಪ್ಪು ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ನನ್ನ ತಂಗಿಗೆ ಹೀಗಾಗಿದ್ದರೆ ನಾನೇ ಠಾಣೆಯ ಮುಂದೆ ಕೂರುತ್ತಿದ್ದೆ.

ಠಾಣೆಯವರು ಆ ಖಾತೆ ಇದ್ದ ಆ್ಯಪ್‌ನ ಕಂಪನಿಗೆ ಬರೆದು, ನಕಲಿ ಖಾತೆ ಯಾವ ಯಾವ ಐಪಿಯಿಂದ ಯಾವಾಗ ಲಾಗಿನ್ ಆಗಿದೆ ಎಂಬ ಪಟ್ಟಿ ತರಿಸಿದ್ದರು. ಅದರಲ್ಲಿನ ಒಂದು ಐಪಿ ದಾವಣಗೆರೆಯ ಒಂದು ನೆಟ್ ಕಂಪನಿಯದು. ಕಂಪನಿಯವರು ಕೆಳಗಿನ ಲೋಕಲ್ ಆಪರೇಟರ್‌ಗೆ ದಾಟಿಸಿದರು. ಆಪರೇಟರ್ ತನ್ನ ಪಟ್ಟಿ ನೋಡಿ ಈ ಅಂಗಡಿಯ ಹೆಸರು ಕೊಟ್ಟ. ಇಷ್ಟೆಲ್ಲ ನಡೆಯಲು ಎರಡು ತಿಂಗಳು ಹಿಡಿದಿದೆ.

ರಿಜಿಸ್ಟರ್‌ನಲ್ಲಿದ್ದ ಹುಡುಗ

ನಾನು ಹೋಗುವಷ್ಟರಲ್ಲಿ ಅಂಗಡಿಯವರು ಆ ದಿನದ ಪುಟ ತೆರೆದು ಕೂತಿದ್ದರು. ಉದ್ದನೆಯ ನೋಟ್‌ಬುಕ್, ಸ್ಕೇಲ್ ಇಟ್ಟು ಗೆರೆ ಎಳೆದದ್ದು. ಹೆಸರು, ಮೊಬೈಲ್, ಸಿಸ್ಟಮ್ ನಂಬರ್, ಒಳಗೆ, ಹೊರಗೆ, ಸಹಿ. ಮಧ್ಯಾಹ್ನ 2:30ರಿಂದ 3:40ರವರೆಗೆ ನಾಲ್ಕನೇ ಸಿಸ್ಟಮ್‌ನಲ್ಲಿ ಬಿ.ಕಾಂ ಓದುವ ಒಬ್ಬ ಹುಡುಗ ಇದ್ದ. ಬೇರೆ ಯಾರೂ ಇರಲಿಲ್ಲ. ಫೈಲ್‌ನಲ್ಲಿ ಅವನ ಆಧಾರ್ ಜೆರಾಕ್ಸ್ ಕೂಡ ಸಿಕ್ಕಿತ್ತು.

‘ಸಿಕ್ಕ ನೋಡು’ ಅಂದರು ಅಂಗಡಿಯವರು. ಅವರ ಮುಖದಲ್ಲಿ ನಿರಾಳ ಕಾಣುತ್ತಿತ್ತು. ತನ್ನ ತಲೆಯ ಮೇಲಿಂದ ಹೋಯಿತಲ್ಲ ಅನ್ನುವ ನಿರಾಳ. ಯಾರಿಗಾದರೂ ಹಾಗೇ ಆಗುತ್ತದೆ.

ಅವರ ಅಳಿಯ ಅಲ್ಲೇ ಇದ್ದ. ಅವನದು ಬೇರೆಯೇ ಯೋಚನೆ: ‘ಮಾವ, ಸುಮ್ನೆ ಎಲ್ಲಾ ಸಿಸ್ಟಮ್ ಫಾರ್ಮ್ಯಾಟ್ ಹೊಡೆದುಬಿಡೋಣ. ಏನೂ ಇಲ್ಲ ಅಂದ್ರಾಯ್ತು.’ ಇದೊಂದನ್ನು ಮಾತ್ರ ಯಾರೂ ಮಾಡಬಾರದು. ನೋಟಿಸ್ ಕೈಗೆ ಬಂದ ಮೇಲೆ ದಾಖಲೆ ಅಳಿಸಿದರೆ ಅದೇ ಬೇರೆ ಅಪರಾಧ, ಸಾಕ್ಷ್ಯ ನಾಶ. ಏನೂ ಮಾಡದವನು ಆರೋಪಿಯಾಗಲು ಇದಕ್ಕಿಂತ ಹತ್ತಿರದ ದಾರಿ ಇಲ್ಲ.

ನೋಟಿಸ್‌ಗೆ ಪಿನ್ ಹೊಡೆದಿದ್ದ ಆ ಪ್ರಿಂಟ್‌ಔಟ್ ಆ್ಯಪ್ ಕಂಪನಿ ಕಳಿಸಿದ ಪಟ್ಟಿಯದೇ ನಕಲು. ಜೆರಾಕ್ಸ್‌ನ ಜೆರಾಕ್ಸ್, ಅರ್ಧ ಅಕ್ಷರ ಮಸಿ. ಸಮಯದ ಮುಂದೆ ಸಣ್ಣದಾಗಿ ಮೂರು ಅಕ್ಷರ ಇತ್ತು: ಯುಟಿಸಿ.

ಅಂತರರಾಷ್ಟ್ರೀಯ ಕಂಪನಿಗಳು ಲಾಗ್, ಅಂದರೆ ಯಾವಾಗ ಏನಾಯಿತು ಅನ್ನುವ ದಾಖಲೆ, ಇಡುವುದು ಸಾಮಾನ್ಯವಾಗಿ ಯುಟಿಸಿ ಎಂಬ ಜಗತ್ತಿಗೆಲ್ಲ ಒಂದೇ ಆದ ಸಮಯದಲ್ಲೇ. ಅದು ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಅಲ್ಲಿ 14:52 ಅಂದರೆ ಇಲ್ಲಿ ಮಧ್ಯಾಹ್ನ 2:52 ಅಲ್ಲ, ರಾತ್ರಿ 8:22. ನೋಟಿಸ್ ಟೈಪ್ ಮಾಡಿದವರು ಯುಟಿಸಿ ಅನ್ನುವುದನ್ನು ಬಿಟ್ಟು ಬರೀ ಅಂಕಿ ಹಾಕಿದ್ದರು. ಆಪರೇಟರ್ ಕೂಡ 2:52ಕ್ಕೇ ತನ್ನ ಪಟ್ಟಿ ನೋಡಿದ್ದ. ಮೂರು ಅಕ್ಷರ ಬಿಟ್ಟುಹೋದದ್ದಕ್ಕೆ ಒಬ್ಬ ಹುಡುಗ ಠಾಣೆಯ ಮೆಟ್ಟಿಲು ಹತ್ತುವುದರಲ್ಲಿದ್ದ. ಅದೂ ಸ್ಕಾಲರ್‌ಶಿಪ್ ಅರ್ಜಿ ಹಾಕಲು ಬಂದವನು.

ಹುಡುಗ ಬಚಾವಾದ. ಆದರೆ ಪುಟ ತಿರುಗಿಸಿ ರಾತ್ರಿ 8:22 ನೋಡಿದರೆ ರಿಜಿಸ್ಟರ್ ಖಾಲಿ. 7:50ಕ್ಕೆ ಕೊನೆಯ ಗಿರಾಕಿ ಹೋಗಿದ್ದಾರೆ. ಅಂಗಡಿ ಮುಚ್ಚುವುದು 8:30ಕ್ಕೆ. ನಡುವೆ ಅಂಗಡಿಯಲ್ಲಿದ್ದವರು ಯಜಮಾನರೊಬ್ಬರೇ. ಯಾರದೋ ಲಗ್ನಪತ್ರಿಕೆ ಡಿಟಿಪಿ ಮಾಡುತ್ತಾ ಕೂತಿದ್ದರಂತೆ. ಅಲ್ಲಿಗೆ ಬೆರಳು ನೇರ ಅವರ ಕಡೆಗೇ ತಿರುಗಿತು.

‘ಹಂಗಾರೆ ಮೊದಲಿನದೇ ಇರಲಿ ಬಿಡಪ್ಪಾ’ ಅಂದರು ಅವರು. ಅರ್ಧ ತಮಾಷೆ, ಅರ್ಧ ನಿಜ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವರೇ ರಿಜಿಸ್ಟರ್ ಮುಚ್ಚಿ, ‘ಬ್ಯಾಡ, ಆ ಹುಡುಗನ್ನ ಯಾಕೆ ಸಿಕ್ಕಿಸೋದು, ಇದ್ದದ್ದನ್ನೇ ಬರಿ’ ಅಂದರು.

ಒಂದು ಐಪಿ, ನೂರಾರು ಮನೆ

ಸಿಸಿಟಿವಿ ನೋಡೋಣ ಅಂದರೆ ಡಿವಿಆರ್‌ನಲ್ಲಿ ಹದಿನೈದು ದಿನಕ್ಕಿಂತ ಹಳೆಯದು ಉಳಿಯುವುದಿಲ್ಲ, ಮೇಲೆ ಮೇಲೆ ರೆಕಾರ್ಡ್ ಆಗುತ್ತಾ ಹೋಗುತ್ತದೆ. ಸಾಲದ್ದಕ್ಕೆ ಅದರ ಗಡಿಯಾರವೇ ಮುಕ್ಕಾಲು ಗಂಟೆ ಹಿಂದೆ ಓಡುತ್ತಿತ್ತು. ಉಳಿದದ್ದು ಒಂದೇ ಪ್ರಶ್ನೆ: ಆ ಐಪಿ ನಿಜವಾಗಿ ಈ ಅಂಗಡಿಯದೇನಾ?

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾಕೆಂದರೆ ವಕೀಲರಿಗೂ ಇಲ್ಲೇ ಕಾಲು ಜಾರುತ್ತದೆ. ಹಳೇ ಮಾದರಿಯ ಐಪಿ ವಿಳಾಸಗಳು ಜಗತ್ತಿಗೆಲ್ಲ ಸೇರಿ ಇರುವುದೇ ಸುಮಾರು 429 ಕೋಟಿ. ಮನೆಮನೆಗೂ ಒಂದು ಕೊಡುವಷ್ಟು ನೆಟ್ ಕಂಪನಿಗಳ ಹತ್ತಿರ ಇಲ್ಲ. ಅದಕ್ಕೆ ಅವರು ಒಂದೇ ಐಪಿಯ ಹಿಂದೆ ನೂರಾರು ಮನೆಗಳನ್ನು ಕೂರಿಸುತ್ತಾರೆ. ಇದಕ್ಕೆ ಸಿಜಿ-ನ್ಯಾಟ್ ಅನ್ನುತ್ತಾರೆ. ಹಳೇ ವಠಾರ ನೆನಪಿಸಿಕೊಳ್ಳಿ. ಬೀದಿಗೆ ಒಂದೇ ಬಾಗಿಲು, ಒಂದೇ ಡೋರ್ ನಂಬರ್, ಒಳಗೆ ಹನ್ನೆರಡು ಸಂಸಾರ. ಡೋರ್ ನಂಬರ್ ನೋಡಿ ಯಾವ ಸಂಸಾರ ಅಂತ ಹೇಳಲಾಗುವುದಿಲ್ಲ.

ಹೇಳಬೇಕಾದರೆ ಪೋರ್ಟ್ ನಂಬರ್ ಬೇಕು. ಒಂದು ಐಪಿಗೆ 65 ಸಾವಿರ ಚಿಲ್ಲರೆ ಪೋರ್ಟ್‌ಗಳಿರುತ್ತವೆ. ಯಾವ ಕ್ಷಣದಲ್ಲಿ ಯಾವ ಪೋರ್ಟ್ ಯಾವ ಗ್ರಾಹಕನಿಗೆ ಹೋಗಿತ್ತು ಅನ್ನುವ ಲೆಕ್ಕ ನೆಟ್ ಕಂಪನಿಯ ನ್ಯಾಟ್ ಲಾಗ್‌ನಲ್ಲಿ ಇರುತ್ತದೆ. ಐಪಿ, ಪೋರ್ಟ್, ಸೆಕೆಂಡಿನ ತನಕ ಸರಿಯಾದ ಸಮಯ. ಮೂರರಲ್ಲಿ ಒಂದು ಕೈಕೊಟ್ಟರೂ ಸಿಗುವ ಹೆಸರು ಬರೀ ಊಹೆ.

ನಮ್ಮ ಪ್ರಕರಣದಲ್ಲಿ ಸಮಯ ತಪ್ಪು, ಪೋರ್ಟ್ ಇಲ್ಲವೇ ಇಲ್ಲ. ಹಾಗಾದರೆ ಆಪರೇಟರ್ ಅಂಗಡಿಯ ಹೆಸರನ್ನು ಹೇಗೆ ಆರಿಸಿದ? ಅವನನ್ನೇ ಕೇಳಿದೆವು. ಆ ಐಪಿ ಹಿಂದಿದ್ದ ಗ್ರಾಹಕರ ಪಟ್ಟಿಯಲ್ಲಿ ಎಲ್ಲವೂ ಮನೆಗಳು, ಒಂದು ಮಾತ್ರ ಬ್ರೌಸಿಂಗ್ ಸೆಂಟರ್. ‘ಇಂಥಾ ಕೆಲಸ ಅಲ್ಲೇ ಅಲ್ವಾ ಆಗೋದು’ ಅಂದ. ಅಷ್ಟೇ ಕಾರಣ. ಸಾಫ್ಟ್‌ವೇರ್ ಹೇಳಿದ್ದಲ್ಲ, ಲಾಗ್ ಹೇಳಿದ್ದಲ್ಲ. ಒಬ್ಬನ ಅಂದಾಜು ಮೇಲಕ್ಕೆ ಹೋಗುತ್ತಾ ಹೋಗುತ್ತಾ ಸರ್ಕಾರಿ ಕಾಗದದ ಮೇಲೆ ಸಂಗತಿಯಾಗಿ ಇಳಿದುಬಿಟ್ಟಿತ್ತು. ನನಗೆ ಈ ಪ್ರಕರಣದಲ್ಲಿ ಅತ್ಯಂತ ಭಯ ಹುಟ್ಟಿಸಿದ್ದು ಇದು. ತಾಂತ್ರಿಕ ಸಾಕ್ಷ್ಯ ಅಂದ ಕೂಡಲೇ ಎಲ್ಲರೂ ತಲೆಬಾಗುತ್ತಾರೆ. ಅದರೊಳಗೆ ಎಷ್ಟು ತಂತ್ರ, ಎಷ್ಟು ಅಂದಾಜು ಅಂತ ಯಾರೂ ಕೇಳುವುದಿಲ್ಲ.

ಇನ್ನೂ ಒಂದು ಸಂಗತಿ ಇತ್ತು. ಅಂಗಡಿಯ ವೈಫೈ ಪಾಸ್‌ವರ್ಡ್ ಕೌಂಟರ್ ಪಕ್ಕದ ಗೋಡೆಗೆ ಅಂಟಿಸಿತ್ತು. ಹಣ ಕಳಿಸಲು ಸಿಗ್ನಲ್ ಸಿಗದವರಿಗೆ ಅನುಕೂಲ ಆಗಲಿ ಅಂತ. ಎದುರಿನ ಟೀ ಅಂಗಡಿಯ ಬೆಂಚಿನ ತನಕ ಅದು ಸಿಗುತ್ತದೆ. ಅಂದರೆ ಐಪಿ ಅಂಗಡಿಯದೇ ಆಗಿದ್ದರೂ ಬಳಸಿದವರು ಯಾರು ಅಂತ ಹೇಳಲು ರಿಜಿಸ್ಟರ್ ಸಾಕಾಗುತ್ತಿರಲಿಲ್ಲ.

ಉತ್ತರದಲ್ಲಿ ಬರೆದದ್ದು

ಅಂಗಡಿಯವರ ಪರಿಚಯದ ವಕೀಲರ ಆಫೀಸ್ ಪಿ.ಜೆ. ಬಡಾವಣೆಯಲ್ಲಿ. ಅಲ್ಲಿ ಕೂತು ಉತ್ತರ ಬರೆಸಿದೆವು. ಎರಡು ಪುಟ, ಜಗಳದ ಧಾಟಿ ಎಲ್ಲೂ ಇಲ್ಲ. ಲಗತ್ತಿಸಿದ ಪಟ್ಟಿಯ ಸಮಯ ಯುಟಿಸಿಯಲ್ಲಿದೆ, ಭಾರತೀಯ ಕಾಲಮಾನದಲ್ಲಿ ಅದು 20:22:10 ಆಗುತ್ತದೆ. ಆ ಹೊತ್ತಿನ ರಿಜಿಸ್ಟರ್ ಪುಟದ ದೃಢೀಕೃತ ನಕಲು ಲಗತ್ತಿಸಿದೆ. ಈ ಐಪಿ ಹಲವು ಗ್ರಾಹಕರು ಹಂಚಿಕೊಳ್ಳುವಂಥದ್ದು, ದಯವಿಟ್ಟು ಸೋರ್ಸ್ ಪೋರ್ಟ್ ಸಮೇತ ಕಂಪನಿಯ ನ್ಯಾಟ್ ಲಾಗ್ ತರಿಸಿ ನೋಡಬೇಕು. ಸಿಸಿಟಿವಿ ದೃಶ್ಯ ಉಳಿದಿಲ್ಲ, ಉಳಿಯದಿರಲು ಕಾರಣ ಇಂಥದ್ದು. ಹಾರ್ಡ್ ಡಿಸ್ಕ್ ಬೇಕೇ ಬೇಕೆಂದರೆ ಹ್ಯಾಶ್ ಮೌಲ್ಯ ದಾಖಲಿಸಿ ನಕಲು ತೆಗೆದುಕೊಳ್ಳಲು ಪೂರ್ತಿ ಸಹಕರಿಸುತ್ತೇವೆ.

ಹ್ಯಾಶ್ ಅಂದರೆ ಡಿಸ್ಕ್‌ನಲ್ಲಿರುವುದನ್ನೆಲ್ಲ ಲೆಕ್ಕ ಹಾಕಿ ತೆಗೆದ ಒಂದು ಉದ್ದನೆಯ ಗುರುತು. ಒಳಗೆ ಒಂದು ಅಕ್ಷರ ಬದಲಾದರೂ ಗುರುತು ಬದಲಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಇದನ್ನು ನಮೂದಿಸಲು ಜಾಗವೇ ಇದೆ. ಅದೇ ದಿನ ಜಾರಿಗೆ ಬಂದ ಬಿಎನ್‌ಎಸ್‌ಎಸ್‌ನ 105ನೇ ಕಲಂ ಪ್ರಕಾರ ಶೋಧನೆ, ಜಪ್ತಿ ಎರಡನ್ನೂ ವಿಡಿಯೊ ಮಾಡಬೇಕು. ಇವೆರಡೂ ಅಂಗಡಿಯವರ ರಕ್ಷಣೆಗೆ ಎಷ್ಟೋ, ತನಿಖಾಧಿಕಾರಿಯ ರಕ್ಷಣೆಗೂ ಅಷ್ಟೇ.

ಇನ್ನು ಮೊಬೈಲ್ ವಿಚಾರ. ನೋಟಿಸ್ ತಂದುಕೊಟ್ಟ ಸಿಬ್ಬಂದಿ ‘ನಿಮ್ ಫೋನೂ ಒಂದ್ಸಲ ಲಾಕ್ ತೆಗೆದು ಕೊಡ್ರಿ, ನೋಡಿ ಕೊಡ್ತೀವಿ’ ಅಂದಿದ್ದರಂತೆ. ನೋಟಿಸ್‌ನಲ್ಲಿ ಫೋನಿನ ಮಾತಿಲ್ಲ. 2021ರ ಮಾರ್ಚ್‌ನಲ್ಲಿ ವೀರೇಂದ್ರ ಖನ್ನಾ ಪ್ರಕರಣದಲ್ಲಿ ನಮ್ಮ ಕರ್ನಾಟಕ ಹೈಕೋರ್ಟೇ ಈ ಬಗ್ಗೆ ವಿವರವಾಗಿ ಹೇಳಿದೆ. ತನಿಖಾಧಿಕಾರಿ ಪಾಸ್‌ವರ್ಡ್ ಕೇಳಬಹುದು. ಕೊಡದಿದ್ದರೆ ಕೋರ್ಟಿಗೆ ಹೋಗಿ ಆದೇಶ, ವಾರಂಟ್ ತರಬೇಕು. ಬಾಯಿಮಾತಿನಲ್ಲಿ ಬಲವಂತ ಮಾಡುವ ಹಾಗಿಲ್ಲ. ಆದರೆ ಅದೇ ತೀರ್ಪು ಇನ್ನೊಂದು ಮಾತನ್ನೂ ಹೇಳುತ್ತದೆ: ಕೋರ್ಟ್ ಹೇಳಿದ ಮೇಲೆ ಫೋನ್ ತೆರೆದುಕೊಡುವುದು ನಮ್ಮ ವಿರುದ್ಧ ನಾವೇ ಸಾಕ್ಷಿ ಹೇಳಿದಂತಲ್ಲ. ಜನ ಮೊದಲರ್ಧ ಮಾತ್ರ ನೆನಪಿಟ್ಟುಕೊಳ್ಳುತ್ತಾರೆ. ಅಂಗಡಿಯವರು ಫೋನ್ ಕೊಡಲಿಲ್ಲ. ಅದಕ್ಕಾಗಿ ಯಾರೂ ಮತ್ತೆ ಕೇಳಲೂ ಇಲ್ಲ.

ಠಾಣೆಗೆ ಹೋದಾಗ ಇನ್‌ಸ್ಪೆಕ್ಟರ್ ಉತ್ತರವನ್ನು ಪೂರ್ತಿ ಓದಿದರು. ಪ್ರಿಂಟ್‌ಔಟ್ ತರಿಸಿಕೊಂಡು ಯುಟಿಸಿ ಎಲ್ಲಿದೆ ಅಂತ ಬೆರಳಿಟ್ಟು ನೋಡಿದರು. ಸಿಟ್ಟಾಗಲಿಲ್ಲ. ಸ್ವೀಕೃತಿ ಸೀಲ್ ಹಾಕಿಕೊಟ್ಟು ಕಳಿಸಿದರು. ಕೆಲವು ವಾರ ಕಳೆದ ಮೇಲೆ ಅಲ್ಲಿಂದ ಬಂದ ಮಾತು: ಪೋರ್ಟ್ ಸಮೇತ ಲಾಗ್ ಬಂದಿದೆ, ನಿಮ್ಮ ಕನೆಕ್ಷನ್ ಅಲ್ಲ, ಊರಿನ ಇನ್ನೊಂದು ಬಡಾವಣೆಯ ಮನೆಯದು. ಅಂಗಡಿಯ ಮಟ್ಟಿಗೆ ಪ್ರಕರಣ ಅಲ್ಲಿಗೆ ಮುಗಿಯಿತು. ನ್ಯಾಟ್ ಲಾಗ್ ಇರದಿದ್ದರೆ ಆ ಹುಡುಗಿಗೆ ನ್ಯಾಯದ ದಾರಿಯೇ ಇರುತ್ತಿರಲಿಲ್ಲ ಅನ್ನುವುದೂ ನಿಜ, ಅದನ್ನು ನಾನು ಮರೆತಿಲ್ಲ.

ಯಾರು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ

ಈ ಇಡೀ ವ್ಯವಹಾರದಲ್ಲಿ ಗೃಹ ಕಾರ್ಯದರ್ಶಿಯ ಆದೇಶ ಎಲ್ಲೂ ಬರಲಿಲ್ಲ ನೋಡಿ. ಬರುವ ಅಗತ್ಯವೇ ಇರಲಿಲ್ಲ. ಈಗ ನಡೆಯುತ್ತಿರುವ ಮಾತನ್ನೋ ಮೆಸೇಜನ್ನೋ ನಡುವೆ ಹಿಡಿಯಬೇಕಾದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೇ ಕಲಂ ಮತ್ತು 2009ರ ನಿಯಮಗಳ ಪ್ರಕಾರ ಕೇಂದ್ರದ ಅಥವಾ ರಾಜ್ಯದ ಗೃಹ ಕಾರ್ಯದರ್ಶಿ ಸಹಿ ಬೇಕು. ಒಂದು ಆದೇಶಕ್ಕೆ 60 ದಿನ ಆಯುಸ್ಸು, ಮುಂದುವರಿಸುತ್ತಾ ಹೋದರೂ 180 ದಿನಕ್ಕಿಂತ ಹೆಚ್ಚಿಲ್ಲ. 2018ರ ಡಿಸೆಂಬರ್ 20ರಂದು ಕೇಂದ್ರ ಗೃಹ ಇಲಾಖೆ ಈ ಕೆಲಸಕ್ಕೆ 10 ಸಂಸ್ಥೆಗಳನ್ನು ಹೆಸರಿಸಿತು. ಆಗ ದೊಡ್ಡ ಗಲಾಟೆಯೂ ಆಯಿತು. ಹಳೆಯ ಲಾಗ್ ಕೇಳುವುದಕ್ಕೆ ಇಷ್ಟೆಲ್ಲ ಇಲ್ಲ, ನೋಟಿಸ್ ಸಾಕು. ಆದರೆ ಹಳೆಯ ಲಾಗ್ ಏನು ಕಡಿಮೆ ಹೇಳುತ್ತದೆಯೇ?

ಏನು ಹೇಳುತ್ತದೆ ಅಂತ ನೋಡೋಣ. ಈಗ ಬಹುತೇಕ ಜಾಲತಾಣಗಳು ಎಚ್‌ಟಿಟಿಪಿಎಸ್‌ನಲ್ಲಿವೆ, ಅಂದರೆ ಹೋಗಿಬರುವ ಮಾಹಿತಿ ನಡುವಿನವರಿಗೆ ಓದಲಾಗದ ಗುಪ್ತ ರೂಪದಲ್ಲಿರುತ್ತದೆ. ಆದ್ದರಿಂದ ನೀವು ಓದಿದ ಪುಟ, ಬರೆದ ಮೆಸೇಜ್ ನೆಟ್ ಕಂಪನಿಗೆ ಕಾಣುವುದಿಲ್ಲ. ಯಾವ ತಾಣಕ್ಕೆ ಹೋದಿರಿ, ಎಷ್ಟು ಹೊತ್ತಿಗೆ, ಎಷ್ಟು ಡೇಟಾ ಅನ್ನುವುದು ಸಾಮಾನ್ಯವಾಗಿ ಕಾಣುತ್ತದೆ. ರಾತ್ರಿ ಎರಡು ಗಂಟೆಗೆ ಒಬ್ಬರು ಕ್ಯಾನ್ಸರ್ ಆಸ್ಪತ್ರೆಯ ತಾಣ, ಆಮೇಲೆ ಸಾಲ ಕೊಡುವ ಆ್ಯಪ್, ಆಮೇಲೆ ವಿಮೆಯ ತಾಣ ನೋಡಿದ್ದಾರೆ ಅಂದರೆ ಪುಟದಲ್ಲಿ ಏನಿತ್ತು ಅಂತ ಓದಬೇಕಾಗಿಲ್ಲ. ಮನೆಯ ಕಥೆ ಅಲ್ಲೇ ಇದೆ.

ಈ ಲೆಕ್ಕವನ್ನು ಎಷ್ಟು ದಿನ ಇಡಬೇಕು? 2021ರ ಡಿಸೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ ಲೈಸೆನ್ಸ್ ಷರತ್ತು ತಿದ್ದಿ, ಕರೆ ಮತ್ತು ಇಂಟರ್‌ನೆಟ್ ಬಳಕೆಯ ದಾಖಲೆ ಇಡುವ ಅವಧಿಯನ್ನು ಒಂದು ವರ್ಷದಿಂದ ಎರಡು ವರ್ಷಕ್ಕೆ ಏರಿಸಿತು. 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ ಕಂಪನಿಗಳು ತಮ್ಮ ಸಿಸ್ಟಮ್‌ಗಳ ಲಾಗ್ ಅನ್ನು 180 ದಿನ ಇಡಬೇಕು, ವಿಪಿಎನ್ (ಬಳಸುವವರ ಐಪಿ ಮರೆಮಾಡುವ ಸೇವೆ) ನಡೆಸುವವರು ಗ್ರಾಹಕರ ವಿವರವನ್ನು 5 ವರ್ಷ ಇಡಬೇಕು. ಅದಾದ ಮೇಲೆ ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್ ತಮ್ಮ ಸರ್ವರ್‌ಗಳನ್ನು ಭಾರತದಿಂದ ತೆಗೆದವು. ಅದೇ ನಿರ್ದೇಶನದಲ್ಲಿ ಎಲ್ಲ ಸಿಸ್ಟಮ್‌ಗಳ ಗಡಿಯಾರವನ್ನೂ ಸರ್ಕಾರಿ ಸಮಯ ಸರ್ವರ್‌ಗೆ ಹೊಂದಿಸಬೇಕು ಅಂತಲೂ ಇದೆ. ಗಡಿಯಾರ ಹೊಂದಿಸುವ ಮಹತ್ವ ದೆಹಲಿಗೆ ಗೊತ್ತಿದೆ. ಅದನ್ನು ಓದುವವರಿಗೆ ಯುಟಿಸಿ ಕಲಿಸುವ ಕೆಲಸ ಯಾರದು?

ಇದರ ಪಕ್ಕದಲ್ಲಿ ಇನ್ನೊಂದು ನಿಯಮ ಇಟ್ಟು ನೋಡಿ. ಗೃಹ ಕಾರ್ಯದರ್ಶಿ ಆದೇಶದ ಮೇಲೆ ನಡೆಯುವ ಕದ್ದಾಲಿಕೆಯ ಕಾಗದಪತ್ರಗಳನ್ನು, ಕೆಲಸಕ್ಕೆ ಬೇಕಿಲ್ಲದಿದ್ದರೆ, ಆ ಸಂಸ್ಥೆಗಳು ಆರು ತಿಂಗಳಿಗೊಮ್ಮೆ ನಾಶ ಮಾಡಬೇಕು. ನಿಮ್ಮ ಲೆಕ್ಕ ಎರಡು ವರ್ಷ ಉಳಿಯುತ್ತದೆ, ನಿಮ್ಮನ್ನು ನೋಡಿದವರ ಲೆಕ್ಕ ಆರು ತಿಂಗಳು. ನೋಡಿದ್ದು ನಿಮಗೆ ತಿಳಿಸುವ ಪದ್ಧತಿಯೂ ಇಲ್ಲ. ಆದೇಶ ಸರಿಯೋ ಅಂತ ಪರಿಶೀಲಿಸುವ ರಾಜ್ಯ ಸಮಿತಿಯಲ್ಲಿ ಮುಖ್ಯ ಕಾರ್ಯದರ್ಶಿ ಮತ್ತು ಇಬ್ಬರು ಕಾರ್ಯದರ್ಶಿಗಳು, ಒಬ್ಬ ನ್ಯಾಯಾಧೀಶರೂ ಇಲ್ಲ. ಅಧಿಕಾರಿ ಬರೆದದ್ದನ್ನು ಅಧಿಕಾರಿಗಳೇ ತಪಾಸಣೆ ಮಾಡುತ್ತಾರೆ. 2013ರಲ್ಲಿ ಆರ್‌ಟಿಐ ಅರ್ಜಿಗೆ ಕೊಟ್ಟ ಉತ್ತರದಲ್ಲಿ ಕೇಂದ್ರ ಗೃಹ ಇಲಾಖೆ, ತಿಂಗಳಿಗೆ ಸರಾಸರಿ 7,500ರಿಂದ 9,000 ಫೋನ್ ಕದ್ದಾಲಿಕೆ ಆದೇಶ ಹೊರಡುತ್ತವೆ ಅಂದಿತ್ತು. ಒಬ್ಬ ಕಾರ್ಯದರ್ಶಿ ದಿನಕ್ಕೆ ಎಷ್ಟು ಓದಬಲ್ಲರು, ನೀವೇ ಲೆಕ್ಕ ಹಾಕಿ.

ಕರ್ನಾಟಕಕ್ಕೆ ಈ ವಿಷಯ ಹೊಸದೇನಲ್ಲ ಬಿಡಿ. 1988ರಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಕುರ್ಚಿ ಬಿಟ್ಟದ್ದೇ ಕದ್ದಾಲಿಕೆ ಹಗರಣದಲ್ಲಿ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದಾಗ ಅರ್ಜಿದಾರರಾಗಿದ್ದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪಿನ ಪ್ರಕಾರ ಸರ್ಕಾರ ಖಾಸಗಿತನಕ್ಕೆ ಕೈ ಹಾಕಬೇಕಾದರೆ ಕಾನೂನಿನ ಆಧಾರ ಇರಬೇಕು, ಸರಿಯಾದ ಉದ್ದೇಶ ಇರಬೇಕು, ಬೇಕಾದಷ್ಟೇ ಕೈ ಹಾಕಬೇಕು. ನಮ್ಮ ನೋಟಿಸ್ ಮೊದಲೆರಡರಲ್ಲಿ ಪಾಸು. ಒಂದು ಹೊತ್ತಿನ ಮಾಹಿತಿಗೆ ಎಲ್ಲಾ ಸಿಸ್ಟಮ್‌ಗಳ ಹಾರ್ಡ್ ಡಿಸ್ಕ್ ಕೇಳಿದ್ದು ಮೂರನೆಯದರಲ್ಲಿ ಪಾಸಾಗುತ್ತಿತ್ತೇ? ನನ್ನ ಪ್ರಕಾರ ಇಲ್ಲ.

ಡೌನ್‌ಲೋಡ್ಸ್ ಫೋಲ್ಡರ್

ಹಾರ್ಡ್ ಡಿಸ್ಕ್‌ನಲ್ಲಿ ಏನಿತ್ತು ಅಂತ ಆಮೇಲೆ, ಪ್ರಕರಣ ಮುಗಿದ ಮೇಲೆ, ಕೂತು ನೋಡಿದೆವು. ನಾಲ್ಕನೇ ಸಿಸ್ಟಮ್‌ನ ಡೌನ್‌ಲೋಡ್ಸ್ ಫೋಲ್ಡರ್ ತೆರೆಯಲೇ ಒಂದು ನಿಮಿಷ ತೆಗೆದುಕೊಂಡಿತು. ಆಧಾರ್, ಆಧಾರ್ (1), ಆಧಾರ್ (2) ಅಂತ ಸಾಲು. ಆದಾಯ ಪ್ರಮಾಣಪತ್ರ, ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ ಫೋಟೊ, ಪಹಣಿ, ಒಂದು ವಿಚ್ಛೇದನದ ಅರ್ಜಿ, ಯಾರದೋ ಬಸಿರಿನ ಸ್ಕ್ಯಾನ್ ವರದಿ. ಬ್ರೌಸರ್‌ನಲ್ಲಿ ಲಾಗ್‌ಔಟ್ ಮಾಡದೆ ಬಿಟ್ಟ ಮೇಲ್ ಖಾತೆಗಳು. ವಾಟ್ಸ್‌ಆ್ಯಪ್ ವೆಬ್‌ನಲ್ಲಿ ಇನ್ನೂ ತೆರೆದೇ ಇದ್ದ ಯಾರದೋ ಕುಟುಂಬದ ಗ್ರೂಪ್. ನೋಟಿಸ್ ಬಂದ ದಿನವೇ ಹೆದರಿ ಡಿಸ್ಕ್ ಬಿಚ್ಚಿಕೊಟ್ಟಿದ್ದರೆ ಇದೆಲ್ಲವೂ ಹೋಗುತ್ತಿತ್ತು. ನಕಲಿ ಖಾತೆಗೂ ಇವರಿಗೂ ಏನೂ ಸಂಬಂಧವಿಲ್ಲ, ಜೆರಾಕ್ಸ್‌ಗೆ ಬಂದವರು ಅಷ್ಟೇ. ಪೊಲೀಸರನ್ನು ಬಿಡಿ, ಅಂಗಡಿಗೆ ಬಂದ ಯಾವ ಹುಡುಗ ಬೇಕಾದರೂ ಪೆನ್‌ಡ್ರೈವ್ ಹಾಕಿ ಎತ್ತಿಕೊಂಡು ಹೋಗಬಹುದಿತ್ತು.

ಫೈಲ್‌ಗಳ ಕಪಾಟು ಇನ್ನೊಂದು ಕಥೆ. ಅಂಗಡಿ ಶುರುವಾದಾಗಿನಿಂದ ಕೊಟ್ಟವರೆಲ್ಲರ ಆಧಾರ್ ಜೆರಾಕ್ಸ್ ಅಲ್ಲಿತ್ತು. ‘ಪೊಲೀಸರು ಕೇಳಿದರೆ ಇರಲಿ’ ಅಂತ ಒಂದನ್ನೂ ಬಿಸಾಡಿಲ್ಲ. 2011ರ ಸೈಬರ್ ಕೆಫೆ ನಿಯಮಗಳನ್ನು ಆಗ ಮೊದಲ ಸಲ ಅವರು ಪೂರ್ತಿ ಓದಿದರು. ರಿಜಿಸ್ಟರ್, ಗುರುತಿನ ದಾಖಲೆ, ನೋಡಿದ ತಾಣಗಳ ಲಾಗ್ ಇವನ್ನು ಕನಿಷ್ಠ ಒಂದು ವರ್ಷ ಇಡಬೇಕು. ಕ್ಯಾಬಿನ್ ಗೋಡೆ ನಾಲ್ಕೂವರೆ ಅಡಿಗಿಂತ ಎತ್ತರ ಇರಬಾರದು. ಗುರುತಿಗೆ ಆಧಾರೇ ಆಗಬೇಕು ಅಂತ ಎಲ್ಲೂ ಇಲ್ಲ. ಶಾಲೆ-ಕಾಲೇಜಿನ ಐಡಿ ಕಾರ್ಡ್, ವೋಟರ್ ಐಡಿ, ಡ್ರೈವಿಂಗ್ ಲೈಸೆನ್ಸ್, ಪ್ಯಾನ್ ಯಾವುದಾದರೂ ನಡೆಯುತ್ತದೆ. ವಿದ್ಯಾನಗರದಲ್ಲಿ ಅಂಗಡಿಗೆ ಬರುವ ಮುಕ್ಕಾಲು ಪಾಲು ಜನರ ಕೊರಳಲ್ಲೇ ಕಾಲೇಜಿನ ಐಡಿ ನೇತಾಡುತ್ತಿರುತ್ತದೆ!

ವಕೀಲರನ್ನು ಕೇಳಿಕೊಂಡೇ ಬದಲಾವಣೆ ಶುರು ಮಾಡಿದರು. ವರ್ಷ ದಾಟಿದ ಜೆರಾಕ್ಸ್‌ಗಳನ್ನು ಕಟ್ಟು ಕಟ್ಟಾಗಿ ಕತ್ತರಿಸಿ ವಿಲೇವಾರಿ ಮಾಡಿದ್ದಾಯಿತು. ಯಾವ ತಾರೀಖು ಏನು ತೆಗೆದೆವು ಅಂತ ಒಂದು ಹಾಳೆಯಲ್ಲಿ ಬರೆದಿಟ್ಟರು. ಗಿರಾಕಿ ಎದ್ದ ಕೂಡಲೇ ಅವರು ತೆರೆದದ್ದೆಲ್ಲ ಅಳಿಯುವ ಗೆಸ್ಟ್ ಖಾತೆಯನ್ನು ಎಲ್ಲ ಸಿಸ್ಟಮ್‌ಗೂ ಹಾಕಿದೆ. ನಿಯಮ ಕೇಳುವ ತಾಣಗಳ ಲಾಗ್ ಮಾತ್ರ ರೌಟರ್ ಕಡೆಯಿಂದ ಬೇರೆ ಉಳಿಯುತ್ತದೆ. ಗೋಡೆಯ ವೈಫೈ ಚೀಟಿ ಕಿತ್ತೆವು. ಬೇಕಾದವರಿಗೆ ಮೊಬೈಲ್ ನಂಬರ್‌ಗೆ ಒಟಿಪಿ ಬಂದು ತೆರೆದುಕೊಳ್ಳುವ ಬೇರೆ ವೈಫೈ ಇದೆ. ಡಿವಿಆರ್ ಗಡಿಯಾರ ಈಗ ಇಂಟರ್‌ನೆಟ್‌ನಿಂದ ತಾನೇ ಸರಿಯಾಗುತ್ತದೆ.

ಅಳಿಯ ವಿಪಿಎನ್ ಹಾಕಿಸೋಣ ಅಂದ. ಬೇಡ ಅಂದೆ. ಮನೆಯಲ್ಲಿ ಹಾಕಿಕೊಳ್ಳುವುದು ಅವರವರ ಇಷ್ಟ, ಅದರಲ್ಲಿ ತಪ್ಪಿಲ್ಲ. ಲಾಗ್ ಇಡಬೇಕಾದ ಅಂಗಡಿ ವಿಪಿಎನ್ ಹಿಂದೆ ಕೂತರೆ ಮುಂದಿನ ನೋಟಿಸ್‌ಗೆ ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ. ಈ ಸಲ ಅವರನ್ನು ಉಳಿಸಿದ್ದು ಲಾಗ್‌ಗಳೇ.

ಆ ಬಿ.ಕಾಂ ಹುಡುಗನಿಗೆ ಇದ್ಯಾವುದೂ ಗೊತ್ತಿಲ್ಲ. ಈಗಲೂ ಅಂಗಡಿಗೆ ಬರುತ್ತಾನಂತೆ. ಹೇಳಬೇಕೋ ಬೇಡವೋ ಅಂತ ಅಂಗಡಿಯವರು ನನ್ನನ್ನು ಕೇಳಿದರು. ಹೇಳಿ ಅಂದೆ, ಅವನ ಹೆಸರು ಇದ್ದ ಪುಟ ಅಲ್ವಾ. ಅವರಿಗೆ ಇನ್ನೂ ಮನಸ್ಸಾಗಿಲ್ಲ.

ಆಪರೇಟರ್‌ಗೆ ಮಾತ್ರ ಒಂದು ಪತ್ರ ಬರೆದಿದ್ದಾರೆ. ನನ್ನ ಹೆಸರನ್ನು ಯಾವ ಲಾಗ್ ಆಧಾರದ ಮೇಲೆ ಕೊಟ್ಟಿರಿ, ಅದರ ನಕಲು ಕೊಡಿ ಅಂತ. ಉತ್ತರ ಬಂದಿಲ್ಲ. ನಮ್ಮ ಬಗ್ಗೆ ಇಟ್ಟ ಮಾಹಿತಿಯನ್ನು ಕೇಳುವ ಹಕ್ಕು ಕೊಡುವ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಗೆ 2025ರ ನವೆಂಬರ್‌ನಲ್ಲಿ ನಿಯಮಗಳು ಬಂದಿವೆ, ಆದರೆ ಮುಖ್ಯ ಭಾಗಗಳು ಜಾರಿಯಾಗಲು 18 ತಿಂಗಳ ಕಾಲಾವಕಾಶ ಇಟ್ಟಿದ್ದಾರೆ. ಪೊಲೀಸರು ತನಿಖೆಗೆಂದು ತೆಗೆದುಕೊಂಡ ಮಾಹಿತಿಗೆ ಅದರಲ್ಲೂ ವಿನಾಯಿತಿ ಇದೆ. ಆ ಅವಧಿ ಮುಗಿದ ಮೇಲೆ ಅದೇ ಪತ್ರವನ್ನು ತಾರೀಖು ಬದಲಿಸಿ ಮತ್ತೆ ಕಳಿಸುತ್ತಾರಂತೆ. ಪ್ರತಿಯನ್ನು ನೋಟಿಸ್ ಇಟ್ಟ ಫೈಲ್‌ಗೇ ಸೇರಿಸಿದ್ದಾರೆ.